ಪತ್ತನಾಜೆಗೆ ಮೊದಲು ಹದಿನಾಲ್ಕು ಗೋಣಿ

ಅಡುಗೆಮನೆ ಕಸವನ್ನು ಗೊಬ್ಬರ ಮಾಡುವ ನನ್ನ ತಿರುಗುವ ಡ್ರಮ್ಮನ್ನು ನಿಲ್ಲಿಸಿದ್ದು ಒಂದು ಹಲಸಿನ ಹಣ್ಣು.

ಡ್ರಮ್ಮು ಬಂದ ಮೊದಲ ವರ್ಷದ ಜೂನ್ ಅದು. ಊರಿನಿಂದ ಬರುವಾಗ ತಮ್ಮ ಒಂದು ಬಕ್ಕೆ ಹಲಸು ತಂದಿದ್ದ. ಹನ್ನೆರಡು ಕಿಲೋ ಇದ್ದೀತು. ಕೈಗೆ ಎಣ್ಣೆ ಹಚ್ಚಿಕೊಂಡು ಕೂತು ಸೊಳೆ ಬಿಡಿಸಿದೆವು. ಮುಗಿದ ಮೇಲೆ ನೋಡಿದರೆ ಪಾತ್ರೆಯಲ್ಲಿದ್ದ ಸೊಳೆಗಿಂತ ಬಕೆಟ್ಟಿನಲ್ಲಿದ್ದ ಸಿಪ್ಪೆಯ ರಚ್ಚೆ, ನಾರಿನಂಥ ಸಾರೆ, ನಡುವಿನ ಗೂಂಜೇ ಜಾಸ್ತಿ. ಹಲಸಿನ ಲೆಕ್ಕ ಯಾವತ್ತೂ ಹಾಗೇ ಅಲ್ವಾ? ಮೊದಲಾದರೆ ಅದೆಲ್ಲ ದನಕ್ಕೆ ಹೋಗುತ್ತಿತ್ತು. ಈಗ ನಮ್ಮಲ್ಲಿ ದನ ಇಲ್ಲ, ಡ್ರಮ್ಮು ಇದೆ. ಎರಡು ಬಕೆಟ್ ಅದರೊಳಗೆ ಸುರಿದು, ಬಾಗಿಲು ಹಾಕಿ, ನಾಲ್ಕು ಸುತ್ತು ತಿರುಗಿಸಿ ಒಳಗೆ ಬಂದೆ.

ಮೂರನೇ ದಿನ ಡ್ರಮ್ಮು ತಿರುಗಲಿಲ್ಲ. ಎರಡೂ ಕೈ ಕೊಟ್ಟು ನೂಕಿದೆ. ಅರ್ಧ ಸುತ್ತು ಮೇಲೆ ಹೋಯಿತು, ಅಲ್ಲಿಂದ ದಡಕ್ಕನೆ ವಾಪಸು ಬಂದು ಮಣಿಕಟ್ಟಿಗೆ ಬಡಿಯಿತು. ಒಳಗಿದ್ದದ್ದೆಲ್ಲ ಒಂದೇ ಮುದ್ದೆಯಾಗಿ ತಳಕ್ಕೆ ಕೂತಿತ್ತು. ಬಾಗಿಲು ತೆಗೆದರೆ ಹುಳಿ ಬಂದ ಕಳ್ಳಿನ ವಾಸನೆ. ಹಲಸಿನ ಸಾರೆ ಸುತ್ತಿಕೊಂಡ ಚೆಂಡಿನಂಥ ಉಂಡೆಗಳು, ಒಂದೊಂದು ತೆಂಗಿನಕಾಯಿ ಗಾತ್ರದವು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮನೆಯವರು ತಲೆ ಎತ್ತದೆ ಕೇಳಿದರು, "ಹಲ್ವ ಗಟ್ಟಿಯಾಯಿತಾ?"

ನಾನು ಉತ್ತರ ಕೊಡಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಇಡೀ ಹಿತ್ತಲಲ್ಲಿ ಒಂದು ಹಿಡಿ ಒಣ ಎಲೆ ಇರಲಿಲ್ಲ.

ಡ್ರಮ್ಮು ಯಾಕೆ ಬಂತು ಎಂದು ಮೊದಲು ಹೇಳಬೇಕು. ನಮ್ಮದು ಮಂಗಳೂರಿನ ಬೋಂದೆಲ್ ಕಡೆ, ಏಳು ಸೆಂಟ್ಸ್ ಜಾಗದಲ್ಲಿ ಮನೆ. ಮನೆ ಕಳೆದು ಉಳಿದದ್ದರಲ್ಲಿ ಎರಡು ತೆಂಗು, ಒಂದು ಕರಿಬೇವು, ಬಸಳೆ ಚಪ್ಪರ, ಕಂಪೌಂಡಿನ ಪಕ್ಕ ನಾಲ್ಕು ಸಾಲು ಹರಿವೆ. ಇಲ್ಲಿಂದ ಪಚ್ಚನಾಡಿ ದೂರ ಇಲ್ಲ. ಮಂಗಳೂರಿನ ಕಸ ಹೋಗಿ ಸೇರುವುದು ಅಲ್ಲಿಗೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಕಿಟಕಿ ಹಾಕುವುದು ನಮಗೆ ಅಭ್ಯಾಸ. 2019ರ ಆಗಸ್ಟ್ ಮಳೆಗೆ ಅಲ್ಲಿ ಗುಡ್ಡೆಯಾಗಿ ಬೆಳೆದಿದ್ದ ಕಸ ಜಾರಿತು. ಜಾರಿದ್ದು ಕೆಳಗಿನ ಮಂದಾರದ ಮೇಲೆ. ಅಡಿಕೆ ತೋಟ, ತೆಂಗು, ಮನೆ ಎಲ್ಲ ಅದರಡಿಗೆ ಸಿಕ್ಕಿತು. ಅಲ್ಲಿದ್ದವರು ಮನೆ ಬಿಟ್ಟು ಹೋಗಬೇಕಾಯಿತು. ಆ ದಿನಗಳ ಫೋಟೋಗಳಲ್ಲಿ ಕಸದ ನಡುವೆ ಅಡಿಕೆ ಮರದ ತಲೆ ಮಾತ್ರ ಕಾಣುತ್ತಿತ್ತು. ಅದನ್ನು ನೋಡುತ್ತ ನನಗೆ ಬಂದದ್ದು ಬಹಳ ಸಣ್ಣ ಯೋಚನೆ. ಅದರೊಳಗೆ ನಮ್ಮ ಮನೆಯ ತೆಂಗಿನ ಚರಟ, ಬಾಳೆಕಾಯಿ ಸಿಪ್ಪೆ, ಚಾಹುಡಿಯೂ ಇರಬೇಕಲ್ಲ.

ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ನಾವು ಮಾಡುತ್ತಿದ್ದೆವು. ಆದರೂ ಹಸಿ ಕಸವನ್ನು ಗೇಟಿನಿಂದಾಚೆ ಕಳಿಸುವುದೇ ಬೇಡ ಎಂದು ಅವತ್ತು ತೀರ್ಮಾನ ಮಾಡಿದೆ.

ಮೊದಲು ಮಾಡಿದ್ದು ಗುಂಡಿ. ತೆಂಗಿನ ಬುಡದಿಂದ ಸ್ವಲ್ಪ ಆಚೆ ಎರಡಡಿ ಆಳಕ್ಕೆ ತೋಡಿಸಿದೆ. ತೋಡಿದವರು ಮುರಕಲ್ಲು ಸಿಕ್ಕಿತೆಂದು ಅಲ್ಲಿಗೆ ಬಿಟ್ಟರು. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಆಮೇಲೆ ಹೆಗ್ಗಣ ಬಂತು. ಹೆಗ್ಗಣದ ಹಿಂದೆ ಕೇರೆ ಹಾವು ಬಂತು. ಕೇರೆ ಹಾವಿಗೆ ನಾನು ಹೆದರುವುದಿಲ್ಲ, ಅದು ಬಂದದ್ದು ನಮ್ಮ ಕೆಲಸಕ್ಕೇ. ಹೆದರಿಕೆ ಇದ್ದದ್ದು ಇಲಿ ಜ್ವರಕ್ಕೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಎರಡೂ ಜಿಲ್ಲೆಗಳಲ್ಲಿ ಮಳೆಗಾಲ ಬಂತೆಂದರೆ ಇಲಿ ಜ್ವರದ ಮಾತು ಬಂದೇ ಬರುತ್ತದೆ. ಇಲಿ ಉಚ್ಚೆ ಬೆರೆತ ನೀರಲ್ಲಿ ಬರಿಗಾಲು, ಕಾಲಲ್ಲೊಂದು ಗಾಯ, ಅಷ್ಟು ಸಾಕು. ಜೂನ್ ಬಂದಾಗ ಗುಂಡಿ ತುಂಬ ನೀರು. ಮೇಲೆ ಟೊಮೆಟೊ ತೇಲುತ್ತಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಗುಂಡಿ ತೋಡಿದರೆ ಅದು ಬಾವಿಯಾಗದೆ ಇನ್ನೇನಾಗಬೇಕು?

ಆಗ ಗೊತ್ತಾದದ್ದು ತಿರುಗುವ ಡ್ರಮ್ಮಿನ ವಿಷಯ. ನೆಲದಿಂದ ಮೇಲಿರುತ್ತದೆ, ಹೆಗ್ಗಣಕ್ಕೆ ಸಿಗುವುದಿಲ್ಲ. ಮುಚ್ಚಳ ಇದೆ, ಮಳೆ ನೀರು ಬೀಳುವುದಿಲ್ಲ. ಸಲಿಕೆ ಹಿಡಿದು ಮಗುಚಬೇಕಾಗಿಲ್ಲ, ತಿರುಗಿಸಿದರೆ ಆಯಿತು. ಅಂಗಡಿಯಲ್ಲಿ ಸಿಗುವಂಥದ್ದರ ಜಾಹೀರಾತಿನಲ್ಲಿ "ಎರಡೇ ವಾರದಲ್ಲಿ ಗೊಬ್ಬರ" ಎಂದಿತ್ತು. ನಂಬಿದೆ. ಬೆಲೆ ನೋಡಿ ಮಾತ್ರ ನಾವೇ ಮಾಡಿಸುವ ಎಂದಾಯಿತು.

ಬಂದರಿನ ಗುಜರಿ ಸಾಲಿನಲ್ಲಿ 200 ಲೀಟರಿನ ನೀಲಿ ಡ್ರಮ್ಮು ಬೇಕಾದಷ್ಟು ಸಿಗುತ್ತದೆ. ಅಲ್ಲಿ ಒಂದು ಮಾತು ಕೇಳಲೇಬೇಕು, ಮೊದಲು ಇದರಲ್ಲಿ ಏನಿತ್ತು ಎಂದು. ಕೆಮಿಕಲ್ ಇದ್ದದ್ದಾದರೆ ಬೇಡ. ಎಷ್ಟು ತೊಳೆದರೂ ಬೇಡ, ಕೊನೆಗೆ ಅದು ಹೋಗುವುದು ನಮ್ಮ ಹರಿವೆಗೆ ತಾನೇ. ನಮಗೆ ಸಿಕ್ಕಿದ್ದು ಉಪ್ಪಿನಕಾಯಿಯದ್ದು. ಒಂದು ವಾರ ಬಿಸಿಲಿಗಿಟ್ಟರೂ ಮಿಡಿಯ ಪರಿಮಳ ಹೋಗಲಿಲ್ಲ. ಅದರ ಹೊಟ್ಟೆಯ ನಡುವೆ ಅಡ್ಡಕ್ಕೆ ಒಂದೂವರೆ ಇಂಚಿನ ಜಿಐ ಪೈಪು ತೂರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡ್ ಮಾಡಿಸಿದೆವು. ಒಂದು ಬದಿ ಕೊಯ್ದು ತಿರುಗಣೆ ಹಾಕಿ ಬಾಗಿಲು. ಗಾಳಿಗೆ ಸುತ್ತಲೂ ತೂತು, ನೊಣ ಬಾರದಂತೆ ಒಳಗಿಂದ ಬಲೆ. ನೀರು ಇಳಿಯಲು ಬಾಗಿಲ ಎದುರು ಬದಿಗೆ ಇನ್ನೂ ನಾಲ್ಕು ತೂತು. ಮೊದಲ ಡ್ರಮ್ಮಿನಲ್ಲಿ ಒಂದು ತಪ್ಪು ಮಾಡಿದ್ದೆವು. ಪೈಪನ್ನು ನುಣ್ಣಗೆ ಬಿಟ್ಟಿದ್ದೆವು. ಅದಕ್ಕೆ ಅಡ್ಡಡ್ಡ ಗೇಣುದ್ದದ ನಾಲ್ಕು ಸರಳು ಇದ್ದರೆ ಉಂಡೆ ಒಡೆಯುತ್ತದೆ. ನಮ್ಮ ಮಂತು ಬರೀ ಕೋಲಲ್ಲ, ತುದಿಯಲ್ಲಿ ಹಲ್ಲಿರುತ್ತದೆ. ಮಜ್ಜಿಗೆ ಕಡೆಯುವ ಮನೆಯಲ್ಲಿ ಹುಟ್ಟಿದ ನನಗೆ ಅದು ಹೊಳೆಯಬೇಕಿತ್ತು.

ಏಪ್ರಿಲ್‌ನಲ್ಲಿ ಶುರು ಮಾಡಿದೆ. ಆ ಎರಡು ತಿಂಗಳು ನಾನು ಸ್ವಲ್ಪ ಜಂಬದಲ್ಲಿದ್ದೆ ಎಂದು ಈಗ ಅನಿಸುತ್ತದೆ. ದಿನಾ ಅಡುಗೆಮನೆಯ ಬಕೆಟ್ಟು, ಮೇಲೆ ಹಿತ್ತಲಲ್ಲಿ ಗುಡಿಸಿದ ಎಲೆ. ಎರಡು ದಿನಕ್ಕೊಮ್ಮೆ ನಾಲ್ಕೈದು ಸುತ್ತು. ಒಳಗೆ ಕೈ ಹಾಕಿದರೆ ಬಿಸಿ. ಚಕ್ಕುಲಿಗೆ ಎಣ್ಣೆ ಕಾದಿದೆಯಾ ನೋಡಲು ತಂದ ಥರ್ಮಾಮೀಟರ್ ಒಂದಿತ್ತು, ಅದನ್ನೇ ಚುಚ್ಚಿ ನೋಡಿದೆ. 52 ಡಿಗ್ರಿ! ಮನೆಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದೆ. ಥರ್ಮಾಮೀಟರ್ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಆ ಬಿಸಿ ಸೂರ್ಯನದ್ದಲ್ಲ. ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡುವಾಗ ಹುಟ್ಟುವ ಕಾವು. ಅವಕ್ಕೆ ತಿನ್ನಲು ಎರಡು ಬಗೆಯದು ಬೇಕು. ಮೈಗೆ ಕಾವು ಕೊಡಲು ಇಂಗಾಲ, ಮೈ ಬೆಳೆಯಲು ಸಾರಜನಕ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೆಲಸ ಸಲೀಸು. ಅಡುಗೆಮನೆ ಕಸದಲ್ಲಿ ಸಾರಜನಕ ಹೆಚ್ಚು, ನೀರಂತೂ ಇನ್ನೂ ಹೆಚ್ಚು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ತಕ್ಕಡಿ ಹಿಡಿದು ಕೂರಬೇಕಾಗಿಲ್ಲ. ಒಂದು ಬಕೆಟ್ ಹಸಿಗೆ ಎರಡು ಬಕೆಟ್ ತರಗೆಲೆ, ಅಷ್ಟೇ. ನೀರಿನ ಹದ ಹೇಳಲು ನನಗೆ ಗೊತ್ತಿರುವ ಒಳ್ಳೆಯ ಅಳತೆ ಹಬೆಯಲ್ಲಿ ಬೇಯಿಸುವ ಪುಟ್ಟಿನ ಅಕ್ಕಿ ಹುಡಿ. ನೀರು ಚಿಮುಕಿಸಿ ಕಲಸಿದ ಹುಡಿಯನ್ನು ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಡ್ರಮ್ಮಿನೊಳಗಿನದ್ದೂ ಸರಿಸುಮಾರು ಹಾಗೇ. ಹಿಂಡಿದರೆ ನೀರು ಸುರಿಯಿತೆಂದರೆ ಪುಟ್ಟು ಕೆಟ್ಟಿತು.

ನೀರು ಜಾಸ್ತಿಯಾದರೆ ಗಾಳಿಗೆ ಜಾಗ ಇರುವುದಿಲ್ಲ. ಗಾಳಿ ಬೇಕಾದ ಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಬರುತ್ತವೆ. ನಾರುವುದು ಅವು ಬಂದಾಗ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದು ತಿಳಿಯಬೇಕು. ಹಳೇ ಮೂತ್ರದ ಥರ ಮೂಗಿಗೆ ಚುಚ್ಚಿದರೆ ಸಾರಜನಕ ಹೆಚ್ಚಾಗಿ ಅಮೋನಿಯಾ ಆಗಿ ಹಾರಿಹೋಗುತ್ತಿದೆ ಎಂದರ್ಥ. ಎರಡಕ್ಕೂ ಮದ್ದು ಒಂದೇ, ತರಗೆಲೆ.

ಜೂನ್‌ನಲ್ಲಿ ಆ ಮದ್ದೇ ಇರಲಿಲ್ಲ.

ಹಲಸಿನ ಉಂಡೆಗಳನ್ನು ಕೈಗವಸು ಹಾಕಿ ಒಂದೊಂದಾಗಿ ಹೊರಗೆ ತೆಗೆದು ಒಡೆದೆ. ಮನೆಯಲ್ಲಿದ್ದ ಹಳೇ ಪೇಪರೆಲ್ಲ ಹರಿದು ಹಾಕಿದೆ. ಪೇಪರು ಒದ್ದೆಯಾಗಿ ಅಂಟಿತು. ಮರದ ಮಿಲ್ಲಿಗೆ ಹೋಗಿ ಹುಡಿ ತಂದೆ. ಮರದ ಹುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕಕ್ಕಿಂತ ನೂರಾರು ಪಾಲು ಹೆಚ್ಚು. ಸ್ವಲ್ಪ ಹಾಕಿದರೆ ನೀರು ಹೀರುತ್ತದೆ. ನನ್ನ ಹಾಗೆ ಒಂದು ಚೀಲ ಹಾಕಿದರೆ ಡ್ರಮ್ಮು ತಣ್ಣಗಾಗಿ ಮಲಗುತ್ತದೆ. ಪ್ಲೈವುಡ್ಡಿನ ಹುಡಿ ಬೆರೆತಿದ್ದರೆ ಅಂಟಿನ ಕೆಮಿಕಲ್ ಬೇರೆ. ಆಮೇಲೆ ತೆಂಗಿನ ನಾರಿನ ಹುಡಿಯ ಐದು ಕಿಲೋ ಇಟ್ಟಿಗೆ ಕೊಂಡು ತಂದೆ. ಇದು ಚೆನ್ನಾಗಿ ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಆದರೆ ಹಿತ್ತಲಲ್ಲಿ ಎರಡು ತೆಂಗಿನ ಮರ ಇಟ್ಟುಕೊಂಡು ದುಡ್ಡು ಕೊಟ್ಟು ತೆಂಗಿನ ಹುಡಿ ತರುವುದು ನನಗೇ ನಾಚಿಕೆ ಎನಿಸಿತು.

ಆ ವಾರವೇ ಅಮ್ಮ ಊರಿನಿಂದ ಬಂದದ್ದು. ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು ನೋಡಿದರು.

"ಎಂತ ಮಾರಾಯ್ತಿ ಇದು, ಲಾಟರಿ ಎತ್ತುವ ಡಬ್ಬವಾ?"

ವಿವರಿಸಿದೆ. ಗಾಳಿ, ಕಾವು, ಸುತ್ತು ಎಲ್ಲ ಹೇಳಿದೆ. ಅಮ್ಮ ಕೇಳಿ ಮುಗಿಸಿ, "ಅದೆಲ್ಲ ಸರಿ, ತರಗೆಲೆ ಎಲ್ಲಿಟ್ಟಿದ್ದಿ?" ಎಂದರು.

ಇಟ್ಟಿರಲಿಲ್ಲ. ಇಡಬೇಕೆಂದು ಗೊತ್ತೂ ಇರಲಿಲ್ಲ. ಅಲ್ಲ, ಗೊತ್ತಿತ್ತು, ಮರೆತಿದ್ದೆ.

ಅಜ್ಜಿಯ ಮನೆಯಲ್ಲಿ ಫೆಬ್ರವರಿಯ ಕೆಡ್ಡಸ ಹಬ್ಬ ಕಳೆದ ಮೇಲೆ ಹೆಂಗಸರಿಗೆ ಒಂದು ದೊಡ್ಡ ಕೆಲಸ ಇರುತ್ತಿತ್ತು. ಬೆಳಗಿನ ಇಬ್ಬನಿ ಆರುವ ಮೊದಲೇ ಗುಡ್ಡೆಗೆ ಹೋಗಿ ತರಗೆಲೆ ಗುಡಿಸುವುದು. ಇಬ್ಬನಿ ಆರಿದ ಮೇಲೆ ಎಲೆ ಪುಡಿಯಾಗುತ್ತದೆ, ಹೊರೆ ನಿಲ್ಲುವುದಿಲ್ಲ. ಹಾಗಾಗಿ ಐದೂವರೆಗೇ ಹೊರಡಬೇಕು. ಗೇರು, ಮಾವು, ಹಲಸು, ಹೆಸರು ಗೊತ್ತಿಲ್ಲದ ಕಾಡುಮರಗಳ ಎಲೆ. ದೊಡ್ಡ ಬಲೆಯ ಚೀಲದಲ್ಲಿ ತುಂಬಿ, ಒಳಗೆ ನಮ್ಮನ್ನು ಇಳಿಸಿ ತುಳಿಸುತ್ತಿದ್ದರು. ಮಕ್ಕಳಿಗೆ ಅದೊಂದು ಜಾತ್ರೆ. ದನದ ಹಟ್ಟಿಯ ಪಕ್ಕದ ಕೊಟ್ಟಿಗೆಯಲ್ಲಿ ಮಾಡಿನ ತನಕ ಒಟ್ಟುತ್ತಿದ್ದರು. ಪತ್ತನಾಜೆಯೊಳಗೆ ಅದು ತುಂಬಬೇಕು. ತುಳು ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಸುಮಾರಿಗೆ ಬರುತ್ತದಲ್ಲ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ನಮ್ಮ ಅಜ್ಜಿಗೆ ಮಾತ್ರ ಅದು ಸೌದೆ, ಸೋಗೆ, ತರಗೆಲೆ ಎಲ್ಲ ಒಳಗೆ ಸೇರಬೇಕಾದ ಕೊನೇ ದಿನ. ಅದಾದ ಮೇಲೆ ಒಣಗಿದ್ದು ಎಂಬುದು ಊರಲ್ಲೇ ಸಿಗುವುದಿಲ್ಲ ಎನ್ನುತ್ತಿದ್ದರು.

ಆ ತರಗೆಲೆ ದಿನಾ ಒಂದಿಷ್ಟು ದನದ ಕಾಲಡಿಗೆ ಬೀಳುತ್ತಿತ್ತು. ಮಳೆಗಾಲದಲ್ಲಿ ಜೊತೆಗೆ ಹಸಿ ಸೊಪ್ಪು. ಸೆಗಣಿ, ಗಂಜಲ, ಎಲೆ, ಮೇಲಿಂದ ಮತ್ತೆ ಎಲೆ. ದನಗಳು ನಿಂತಲ್ಲೇ ತುಳಿಯುತ್ತಿದ್ದವು. ಈಗ ಯೋಚಿಸಿದರೆ ನಮ್ಮ ಹಟ್ಟಿಯ ತಿರುಗುವ ಡ್ರಮ್ಮು ಎಂದರೆ ಆ ಹದಿನಾರು ಕಾಲುಗಳೇ. ನಾಲ್ಕು ದನ ಇದ್ದವು. ಹಟ್ಟಿಯಿಂದ ತೆಗೆದು ಗೊಬ್ಬರಗುಂಡಿಗೆ ಹಾಕಿದ ಮೇಲೆ ಯಾರೂ ಮಗುಚುತ್ತಿರಲಿಲ್ಲ. ಅದು ತನ್ನಷ್ಟಕ್ಕೆ ತಿಂಗಳುಗಟ್ಟಲೆ ಕೂತಿರುತ್ತಿತ್ತು.

ಮಗುಚುವುದೋ, ಬಿಡುವುದೋ? ಇದು ದೊಡ್ಡವರೇ ತಲೆ ಕೆಡಿಸಿಕೊಂಡ ಪ್ರಶ್ನೆ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿ 1924ರಿಂದ 1931ರ ತನಕ ಇಂದೋರಿನಲ್ಲಿ ಕೂತು ರೂಪಿಸಿದ ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚುತ್ತಾರೆ. ಮೂರು ತಿಂಗಳಲ್ಲಿ ಗೊಬ್ಬರ. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿ ರೂಪಿಸಿದ್ದು ಇದಕ್ಕೆ ಉಲ್ಟಾ. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಮರೆತುಬಿಡುವುದು. ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಡ್ರಮ್ಮಿನವರು ಇಂದೋರಿನ ಕಡೆಯವರು. ಅಜ್ಜಿ ಬೆಂಗಳೂರಿನ ಕಡೆ, ಬೆಂಗಳೂರು ನೋಡದಿದ್ದರೂ.

ನಮ್ಮ ಜಿಲ್ಲೆಯಲ್ಲಿ ಎಲೆಗೆ ಎಷ್ಟು ಬೆಲೆ ಇತ್ತೆಂದರೆ ಅದಕ್ಕೆ ಭೂದಾಖಲೆಯಲ್ಲೇ ಜಾಗ ಇತ್ತು. ಕುಮ್ಕಿ ಎಂದರೆ ಈಗಿನ ಮಕ್ಕಳಿಗೆ ತಕರಾರಿನ ಜಾಗ ಎಂದಷ್ಟೇ ಗೊತ್ತು. ಕದೀಂ ವರ್ಗ ಎಂದರೆ ಹಳೇ ಕಾಲದ ಪಟ್ಟಾ ಜಮೀನು; ಅದರ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಆ ಜಮೀನಿನ ವರ್ಗದಾರನಿಗೆ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು, ಅದು ಕುಮ್ಕಿ. ಗದ್ದೆ, ತೋಟ ಇದ್ದರೆ ಸಾಲದು, ಅದಕ್ಕೆ ಎಲೆ ಕೊಡುವ ಗುಡ್ಡೆಯೂ ಬೇಕು ಎಂಬ ಲೆಕ್ಕ. ಈ ಮಳೆಗೆ ನಮ್ಮ ಕೆಂಪು ಮಣ್ಣಿನ ಸತ್ವ ವರ್ಷಾ ವರ್ಷಾ ತೊಳೆದು ಸಮುದ್ರಕ್ಕೆ ಹೋಗುತ್ತದೆ. ಗುಡ್ಡೆಯ ಎಲೆ ತಂದು ಹಾಕದಿದ್ದರೆ ಮತ್ತೆ ಉಳಿಯುವುದು ಮುರಕಲ್ಲು ಮಾತ್ರ.

ಈಗ ಫೆಬ್ರವರಿಯ ಒಂದು ಬೆಳಗ್ಗೆ ಮಂಗಳೂರಿನ ಯಾವುದಾದರೂ ಓಣಿಯಲ್ಲಿ ನಡೆಯಿರಿ. ಪ್ರತಿ ಹತ್ತು ಮನೆಗೊಂದು ಹೊಗೆ. ಮಾವಿನ ಎಲೆ, ಬಾದಾಮಿ ಎಲೆ, ಎಲ್ಲ ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರೆ. ಸುಡುಮಣ್ಣು ಮಾಡಿ ಮಲ್ಲಿಗೆ ಗಿಡಕ್ಕೆ ಹಾಕುವವರ ಮಾತು ಬೇರೆ. ಇದು ಸುಮ್ನೆ ಸುಡುವುದು. ರಸ್ತೆಬದಿ ಕಸ ಸುಡಬಾರದೆಂದು ನಿಯಮ ಇದೆ. ಎಲೆಯನ್ನು ಕಸ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದೇ ಕಷ್ಟ. ನಾನೂ ಸುಡುತ್ತಿದ್ದೆ. ಡ್ರಮ್ಮು ಬಂದ ವರ್ಷದ ಫೆಬ್ರವರಿಯಲ್ಲೂ ಸುಟ್ಟಿದ್ದೆ. ನಾಲ್ಕು ತಿಂಗಳ ನಂತರ ಒಂದು ಹಿಡಿಗೆ ಪರದಾಡಿದೆ.

ಎರಡನೇ ವರ್ಷ ಜನವರಿಯಿಂದಲೇ ಗೋಣಿ ಹಿಡಿದು ಹೊರಟೆ. ಪಕ್ಕದ ಮನೆಯವರ ಮಾವಿನಡಿ, ಎದುರು ಮನೆಯವರ ಗೇರಿನಡಿ, ಮೈದಾನದ ಬದಿ. ಮೊದಲ ದಿನ ಎಲ್ಲರೂ ಒಂಥರಾ ನೋಡಿದರು. ಪಕ್ಕದ ಮನೆಯವರು, "ಟೀಚರ್, ನಮ್ಮ ಕೆಲಸದವಳು ಗುಡಿಸ್ತಾಳೆ, ನೀವು ಯಾಕೆ?" ಎಂದು ಸಂಕೋಚಪಟ್ಟರು. ಈಗ ಅವರೇ ಗೋಣಿ ತುಂಬಿ ಕಂಪೌಂಡಿನ ಮೇಲಿಟ್ಟು ಕೂಗುತ್ತಾರೆ.

ಎಲೆಗಳಲ್ಲೂ ಜಾತಿ ಇದೆ ಎಂದು ಗೊತ್ತಾದದ್ದು ಆಗಲೇ. ಎಲ್ಲಕ್ಕಿಂತ ಒಳ್ಳೆಯದು ಮಳೆಮರದ್ದು. ರಸ್ತೆಬದಿಯ ಆ ದೊಡ್ಡ ಕೊಡೆಯಂಥ ಮರದ ಎಲೆ ಉಗುರಿನಷ್ಟು ಸಣ್ಣ, ಬೇಗ ಕರಗುತ್ತದೆ. ಗುಲ್‌ಮೊಹರ್ ಕೂಡ ಹಾಗೇ. ಮಾವು, ಹಲಸು, ಗೇರು ಚರ್ಮದ ಹಾಗೆ, ತುಳಿದು ಪುಡಿ ಮಾಡಿ ಹಾಕಬೇಕು. ಸಾಗುವಾನಿಯದ್ದು ಹಾಗೇ ಹಾಕಿದರೆ ಒಳಗೆ ಛತ್ರಿ ಬಿಚ್ಚಿದ ಹಾಗೆ ಅಡ್ಡ ನಿಲ್ಲುತ್ತದೆ. ಅಕೇಶಿಯಾ ನನಗೆ ಇಷ್ಟ ಇಲ್ಲ. ನಮ್ಮ ಗುಡ್ಡೆಗಳಲ್ಲಿ ಸಾಲು ಸಾಲು ನೆಟ್ಟದ್ದಕ್ಕೇ ಇಷ್ಟ ಇಲ್ಲ, ಅದೊಂದು ಬೇರೆ ಸಿಟ್ಟು. ಅದರ ಎಲೆಯಂತೂ ಆರು ತಿಂಗಳಾದರೂ ಹಾಕಿದ ಹಾಗೇ ಇರುತ್ತದೆ. ತೆಂಗಿನ ಗರಿ ಕತ್ತರಿಸುವ ಸಹವಾಸವೇ ಬೇಡ. ಮಡಲು ಬಚ್ಚಲ ಒಲೆಗೇ ಸರಿ.

ಗೋಣಿಗಳನ್ನು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಒಟ್ಟಿದೆ. ಕಾರು ಮಳೆಯಲ್ಲಿ ನಿಂತಿತು. ಇದರ ಬಗ್ಗೆ ನಮ್ಮನೆಯವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆ ವರ್ಷ ಇನ್ನೊಂದು ಡ್ರಮ್ಮು ಮಾಡಿಸಿದೆ, ಪೈಪಿಗೆ ಹಲ್ಲು ಹಾಕಿಸಿ. ಎರಡು ಯಾಕೆ ಬೇಕೆಂದರೆ, ಒಂದೇ ಡ್ರಮ್ಮಿಗೆ ದಿನಾ ಹೊಸದು ಹಾಕುತ್ತ ಹೋದರೆ ಅದು ಯಾವತ್ತೂ ಮುಗಿಯುವುದಿಲ್ಲ. ಹಣ್ಣಾದ ಗೊಬ್ಬರದ ನಡುವೆ ನಿನ್ನೆಯ ಸೌತೆ ಸಿಪ್ಪೆ ಇರುತ್ತದೆ. ಒಂದು ಮುಕ್ಕಾಲು ತುಂಬಿದ ಮೇಲೆ ನಿಲ್ಲಿಸಿ, ಅದನ್ನು ಬರೀ ತಿರುಗಿಸುತ್ತಾ, ಅಡುಗೆಮನೆಯದ್ದನ್ನು ಇನ್ನೊಂದಕ್ಕೆ ಹಾಕಬೇಕು. ಪೂರ್ತಿ ತುಂಬಿಸಬಾರದು. ಒಳಗೆ ಬೀಳಲು ಜಾಗ ಇಲ್ಲದಿದ್ದರೆ ತಿರುಗಿಸಿಯೂ ತಿರುಗದ ಹಾಗೆ. ಮುಕ್ಕಾಲು ತುಂಬಿದ್ದು ಕೊನೆಗೆ ಕಾಲು ಭಾಗಕ್ಕೆ ಇಳಿಯುತ್ತದೆ. ನೋಡಿದರೆ ಬೇಸರ ಆಗುತ್ತದೆ, ಇಷ್ಟೇನಾ ಎಂದು.

ಎರಡು ವಾರದ ಮಾತು ಮರೆತುಬಿಡಿ. ನನ್ನಲ್ಲಿ ಬೇಸಿಗೆಯಲ್ಲಿ ಆರೇಳು ವಾರ, ಮಳೆಗಾಲದಲ್ಲಿ ಹತ್ತು ಹನ್ನೆರಡು ವಾರ. ಅದರ ಮೇಲೆ ಗೋಣಿಯಲ್ಲಿ ಒಂದು ತಿಂಗಳು ನೆರಳಲ್ಲಿ ಇಡುತ್ತೇನೆ. ಡ್ರಮ್ಮಿನಿಂದ ಕಪ್ಪಗೆ ಬಂದ ಮಾತ್ರಕ್ಕೆ ಮುಗಿದಿರುವುದಿಲ್ಲ. ಹಸಿ ಗೊಬ್ಬರ ಹಾಕಿ ಒಂದು ಸಾಲು ಹರಿವೆ ಹಳದಿ ಮಾಡಿಕೊಂಡಿದ್ದೇನೆ. ಒಳಗೆ ಕೊಳೆಯುವ ಕೆಲಸ ಉಳಿದಿದ್ದರೆ ಅದು ಗಿಡದ ಪಾಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ಈಗ ಒಂದು ಗೆರಟೆಯಲ್ಲಿ ಗೊಬ್ಬರ ತುಂಬಿ ಹೆಸರುಕಾಳು ಹಾಕಿ ನೋಡುತ್ತೇನೆ. ಚೆನ್ನಾಗಿ ಮೊಳೆತರೆ ಸರಿ.

ಮೀನಿನ ವಿಷಯ ಹೇಳದೆ ಮಂಗಳೂರಿನ ಕಸದ ಕತೆ ಪೂರ್ತಿಯಾಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಮನೆಯಲ್ಲಿ ಒಣಮೀನು, ಕೆಸುವು, ಪತ್ರೊಡೆ. ಆಗಸ್ಟ್ ಬಂದದ್ದೇ ಬಂಗುಡೆ, ಬೂತಾಯಿ ಹಸಿದವರ ಹಾಗೆ ತರುತ್ತೇವೆ. ಮೀನು ತೊಳೆದ ನೀರು ಬಸಳೆ ಬುಡಕ್ಕೆ, ಅದು ಎಲ್ಲರಿಗೂ ಗೊತ್ತಿರುವುದೇ. ತಲೆ, ಕರುಳು ಡ್ರಮ್ಮಿಗೆ ಹಾಕಬಾರದೆಂದು ಓದಿದ್ದೆ. ಹಾಕಿದೆ. ಒಂದು ಕಿಲೋ ಬೂತಾಯಿಯದ್ದಷ್ಟೇ. ಎರಡು ದಿನ ಬೀದಿಯ ಬೆಕ್ಕುಗಳೆಲ್ಲ ಸ್ಟ್ಯಾಂಡಿನ ಕೆಳಗೆ ಸಭೆ ಸೇರಿದವು. ಮೂರನೇ ದಿನ ಬಾಗಿಲು ತೆಗೆದರೆ ಒಳಗೆ ಕುದಿಯುವ ಅನ್ನದ ಹಾಗೆ ಹುಳ.

ಕಿರುಚಿದೆ, ನಿಜ. ಆಮೇಲೆ ಕೂತು ನೋಡಿದರೆ ಅವು ಮನೆ ನೊಣದ ಮರಿಗಳಲ್ಲ. ಚಪ್ಪಟೆ, ಬೂದು ಕಂದು, ಗಟ್ಟಿ ಚರ್ಮದವು. ಕಪ್ಪು ಸೈನಿಕ ನೊಣ ಎನ್ನುತ್ತಾರೆ. ಬೆಳೆದ ನೊಣ ಕಚ್ಚುವುದಿಲ್ಲ, ಅಡುಗೆಮನೆಯ ಹಂಬಲವೂ ಅದಕ್ಕಿಲ್ಲ. ಮರಿಗಳು ಮಾತ್ರ ರಾಕ್ಷಸರ ಹಾಗೆ ತಿನ್ನುತ್ತವೆ. ನಾಲ್ಕೇ ದಿನದಲ್ಲಿ ಮೀನಿನ ಗುರುತೇ ಇರಲಿಲ್ಲ. ಕೆಲವು ನೀರಿನ ತೂತಿನಿಂದ ಹೊರಬಿದ್ದವು. ಅದನ್ನು ತಿನ್ನಲು ಒಂದು ಕೆಂಬೂತ ದಿನಾ ಬೆಳಗ್ಗೆ ಡ್ರಮ್ಮಿನಡಿ ಕಾಯುತ್ತಿತ್ತು. ಆದರೂ ಮೀನು ಮತ್ತೆ ಹಾಕಿಲ್ಲ. ಅದನ್ನು ಈಗ ತೆಂಗಿನ ಬುಡದಲ್ಲಿ ಹೂಳುತ್ತೇನೆ, ಮೇಲೆ ಒಂದು ಕಲ್ಲು. ಬೆಕ್ಕುಗಳಿಗೆ ನನ್ನ ಮೇಲೆ ಸಿಟ್ಟಿದೆ.

ಇನ್ನೊಂದು ಸಣ್ಣ ವಿಷಯ. ಡ್ರಮ್ಮಿನಿಂದ ಇಳಿಯುವ ಕಪ್ಪು ನೀರಿಗೆ ಕೆಳಗೆ ಟಬ್ ಇಟ್ಟರೆ ದಿನಾ ಚೆಲ್ಲಬೇಕು. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಊರು ಇದು. ನಾನು ಟಬ್ ತೆಗೆದು ಒಡೆದ ಹೆಂಚಿನ ಚೂರು ಹಾಸಿದ್ದೇನೆ. ಮಂಗಳೂರಲ್ಲಿ ಒಡೆದ ಹೆಂಚಿಗೆ ಬರ ಇಲ್ಲ.

ಕಳೆದ ಕೆಡ್ಡಸಕ್ಕೆ ಅಮ್ಮ ಇಲ್ಲೇ ಇದ್ದರು. ಭೂಮಿತಾಯಿ ಮುಟ್ಟಾಗುವ ಮೂರು ದಿನ, ಮಣ್ಣು ಅಗೆಯುವ ಹಾಗಿಲ್ಲ, ಸೊಪ್ಪು ಕಡಿಯುವ ಹಾಗಿಲ್ಲ. ಬೆಳಗ್ಗೆ ನಾನು ಡ್ರಮ್ಮಿನ ಕಡೆ ಹೋದದ್ದೇ ಒಳಗಿಂದ ಕೂಗಿದರು, "ಮುಟ್ಟಬೇಡ ಅದನ್ನು."

"ಅದು ಭೂಮಿಯಲ್ಲ ಅಮ್ಮ, ಪ್ಲಾಸ್ಟಿಕ್."

"ಒಳಗೆ ಎಂತ ಉಂಟು?"

ನಮ್ಮನೆಯವರು ನ್ಯಾಯಾಧೀಶರ ಹಾಗೆ ನಡುವೆ ಬಂದರು. ಒಳಗಿರುವುದು ಇನ್ನೂ ಮಣ್ಣಾಗಿಲ್ಲ, ಹಾಗಾಗಿ ತಿರುಗಿಸಬಹುದು ಎಂದರು. ಅಮ್ಮ ಸ್ವಲ್ಪ ಯೋಚಿಸಿ, "ಯಾವಾಗ ಮಣ್ಣಾಗ್ತದೆ ಅಂತ ನಿಮಗೆ ಗೊತ್ತುಂಟಾ?" ಎಂದು ಕೇಳಿದರು. ಇವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೂರು ದಿನ ಮುಟ್ಟಲಿಲ್ಲ. ಹುರಿದಕ್ಕಿ ಹುಡಿಗೆ ಬೆಲ್ಲ, ಕಾಯಿತುರಿ ಬೆರೆಸಿ ತಿಂದು ಕೂತೆವು. ನಾಲ್ಕನೇ ದಿನ ಥರ್ಮಾಮೀಟರ್ ಚುಚ್ಚಿದರೆ 55. ಎರಡು ದಿನಕ್ಕೊಮ್ಮೆ ತಿರುಗಿಸುತ್ತಿದ್ದಾಗ ಒಮ್ಮೆಯೂ ಅಷ್ಟು ಏರಿರಲಿಲ್ಲ. ಸುಮ್ನೆ ಸುಮ್ನೆ ತಿರುಗಿಸಿದರೆ ಹುಟ್ಟಿದ ಕಾವು ಹೊರಗೆ ಹೋಗುತ್ತದೆ, ಸಣ್ಣ ಡ್ರಮ್ಮಿಗಂತೂ ಅದು ದೊಡ್ಡ ನಷ್ಟ. ಈಗ ವಾರಕ್ಕೆ ಎರಡೇ ಸಲ ತಿರುಗಿಸುವುದು. ಅಮ್ಮನಿಗೆ 55ರ ಸುದ್ದಿ ಹೇಳಲಿಲ್ಲ. ಹೇಳಿದರೆ ಮತ್ತೆ ಇಡೀ ವರ್ಷ ಕೇಳಬೇಕಾಗುತ್ತದೆ.

ಈ ಸಲ ಪತ್ತನಾಜೆಗೆ ಮೊದಲೇ ಹದಿನಾಲ್ಕು ಗೋಣಿ ಆಯಿತು. ಹನ್ನೊಂದು ಶೆಡ್ಡಿನಲ್ಲಿ, ಎರಡು ಮೆಟ್ಟಿಲ ಕೆಳಗೆ. ಹದಿನಾಲ್ಕನೆಯದು ಮಳೆಮರದ್ದು, ಅದನ್ನು ಮಾತ್ರ ಜಗಲಿಯ ಮೂಲೆಯಲ್ಲಿ ಬೇರೆ ಇಟ್ಟಿದ್ದೇನೆ. ಹಲಸಿಗೆಂದು. ನಿನ್ನೆ ತಮ್ಮ ಫೋನ್ ಮಾಡಿದ್ದ, ಬಕ್ಕೆ ಮರದಲ್ಲಿ ಇನ್ನೂ ಆರು ಕಾಯಿ ಇದೆಯಂತೆ, ಭಾನುವಾರ ಬರುತ್ತಾನಂತೆ. ಸಂಜೆಯಿಂದ ಪಡುವಲಲ್ಲಿ ಮೋಡ ಕಟ್ಟಿದೆ. ಪಕ್ಕದ ಮನೆಯವರು ಈಗಷ್ಟೇ ಕಂಪೌಂಡಿನ ಆಚೆಯಿಂದ ಕರೆದರು, "ಟೀಚರ್, ಇನ್ನೊಂದು ಗೋಣಿ ಆಗುವಷ್ಟು ಬಿದ್ದಿದೆ, ಮಳೆ ಬರುವ ಮೊದಲು ಬೇಕಾ?"

ಚಪ್ಪಲಿ ಹುಡುಕುತ್ತಿದ್ದೇನೆ.